ನೀಲವ್ವ ಸಿಸ್ಟರ್ ನನ್ನನ್ನು ಕರೆದ ಬಗೆ

ಹಳಿಯಾಳದಲ್ಲಿ ಕಬ್ಬಿನ ಹಂಗಾಮು ಶುರುವಾಗಿದೆ ಎಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಮೊನ್ನೆ ಪಿಂಚಣಿಯ ಕೆಲಸಕ್ಕೆಂದು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಸಕ್ಕರೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೇಯುವ ಕಬ್ಬಿನ ಹಾಲು, ಹುಳಿ ಹತ್ತಿದ ಕಾಕಂಬಿ, ಟ್ರ್ಯಾಕ್ಟರಿನ ಹೊಗೆ ಎಲ್ಲ ಕಲೆತ ವಾಸನೆ. ಬೇರೆಯವರಿಗೆ ಅದರಿಂದ ಬೆಲ್ಲ ನೆನಪಾಗಬಹುದು. ನನಗೆ ನೆನಪಾಗುವುದು ಅವಲಕ್ಕಿ ತಿಂದು ನುಂಗಿದ ಮಾತ್ರೆ, ಸೊಂಟಕ್ಕೆ ಬಿಗಿದುಕೊಂಡಿದ್ದ ಒಂದು ಅನಗತ್ಯ ಬೆಲ್ಟು ಮತ್ತು ನೀಲವ್ವ ಸಿಸ್ಟರ್ ಗಂಟಲು.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಹೆಸರು ಈರಣ್ಣ. ಹಳಿಯಾಳದಿಂದ ಹೊರಟು ದಾಂಡೇಲಿ, ಜೋಯಿಡಾ, ಕುಂಬಾರವಾಡ ದಾಟಿ ಅಣಶಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಗ್ಗೆ ಅದೇ ದಾರಿ ಹಿಡಿದು ವಾಪಸು ಬರುವ ಬಸ್ಸು ನಮ್ಮದು. ಹಳಿಯಾಳ ಬಿಟ್ಟಾಗ ಬಸ್ಸಿನ ತುಂಬ ಕನ್ನಡ, ದಾಂಡೇಲಿಯಲ್ಲಿ ಎಲ್ಲ ಭಾಷೆ, ಜೋಯಿಡಾ ದಾಟಿದರೆ ಕೊಂಕಣಿ. ಇಂಥ ಬಸ್ಸಿನ ಕಂಡಕ್ಟರನಿಗೆ ಯಾರ ಹೆಸರೂ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಯಾರು ಎಲ್ಲಿ ಇಳಿಯುತ್ತಾರೋ ಅದೇ ಅವರ ಹೆಸರು. "ಜೋಯಿಡಾ, ಕಾಲ ಒಳಗ ತಗೊಳ್ರಿ." "ಯಾರ್ರಿ ಅದು ಅಣಶಿ, ಕೋಳಿ ಸೀಟಿನ ಮ್ಯಾಲೆ ಕುಂದ್ರಸಬ್ಯಾಡ್ರಿ." ಈ ಕೆಲಸಕ್ಕೆ ಬೇಕಾದ ಬಂಡವಾಳ ಗಂಟಲು ಒಂದೇ. ನನ್ನದು ಚೆನ್ನಾಗಿಯೇ ಇತ್ತು.

ನಮ್ಮ ಡ್ರೈವರ್ ಇಮಾಮಸಾಬ. ಬಹಳ ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ಹೋಟೆಲಿನಲ್ಲಿ ಒಂದು ಚಹಾ ತೆಗೆದುಕೊಂಡು ಆತ ಕಪ್ಪಿನಲ್ಲಿ, ನಾನು ಬಸಿಯಲ್ಲಿ ಕುಡಿಯುವುದು ರೂಢಿ. ಅವನ ಹೆಂಡತಿ ಜೈನಬಿ ಕಟ್ಟಿ ಕಳಿಸಿದ ಬುತ್ತಿಯಲ್ಲಿ ಅರ್ಧ ನನ್ನದು, ನನ್ನ ಮನೆಯ ರೊಟ್ಟಿಯಲ್ಲಿ ಅರ್ಧ ಅವನದು. ಒಳ್ಳೆಯ ಮನುಷ್ಯ. ಆದರೆ ಮಾತಾಡಿದರೆ ಬಸ್ಸಿನ ಕೊನೆ ಸೀಟಿನವರೆಗೂ ಕೇಳಿಸಬೇಕು, ಮತ್ತು ಮನುಷ್ಯರ ಶರೀರದ ಬಗ್ಗೆ ತನಗೆ ಇಂಜಿನ್ನಿನಷ್ಟೇ ಗೊತ್ತು ಎಂದು ಅವನ ನಂಬಿಕೆ.

ಆ ವರ್ಷ ಹಂಗಾಮು ಶುರುವಾಗುವ ಹೊತ್ತಿಗೆ ನನಗೆ ಕೆಮ್ಮು ಹಿಡಿಯಿತು. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಅಂದುಕೊಂಡೆ. ರಸ್ತೆ ತುಂಬ ಎರಡೆರಡು ಟ್ರೇಲರು ಜೋಡಿಸಿಕೊಂಡು ಅವು ಆಮೆಯ ಹಾಗೆ ಹೋಗುತ್ತವೆ, ಹಿಂದೆ ನಮ್ಮ ಬಸ್ಸು. ಬೆಳಗಿನ ಇಬ್ಬನಿ ಬೇರೆ. ಆಮೇಲೆ ಸಂಜೆ ಮೈ ಬಿಸಿಯಾಗತೊಡಗಿತು, ಪ್ಯಾಂಟು ಸಡಿಲವಾಯಿತು, ಕೊನೆಗೆ ದಾಂಡೇಲಿ ಎಂದು ಕೂಗಿದರೆ 'ದಾಂ' ಮಾತ್ರ ಹೊರಗೆ ಬರುತ್ತಿತ್ತು. ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋದಳು ದವಾಖಾನೆಗೆ.

ಒಬ್ಬ ವರ್ತಕರು ತಮ್ಮ ತಾಯಿಯ ನೆನಪಿಗೆಂದು ನಡೆಸುತ್ತಿದ್ದ ಸಣ್ಣ ಧರ್ಮದ ದವಾಖಾನೆ ಅದು, ಈಗ ಇಲ್ಲ. ಅಲ್ಲಿದ್ದ ಡಾಕ್ಟರು ಶೈಲಜಾ, ಕರಾವಳಿ ಕಡೆಯವರು. ಇನ್ನೂ ಚಿಕ್ಕ ವಯಸ್ಸು. ಕಫ ಪರೀಕ್ಷೆ ಮಾಡಿಸಿ, ಎದೆಯ ಫೋಟೋ ತೆಗೆಸಿ, ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು: "ಕ್ಷಯ ಇದೆ ಈರಣ್ಣ. ಪೂರ್ತಿ ಗುಣವಾಗುತ್ತದೆ. ಆದರೆ ಮಾತ್ರೆ ಒಂದು ದಿನವೂ ತಪ್ಪಬಾರದು, ದಿನಾ ಇಲ್ಲಿಗೇ ಬಂದು ನುಂಗಬೇಕು. ಮಳೆಗಾಲದ ತನಕ." ಮೊದಲ ಕೆಲವು ವಾರ ರಜೆ ಹಾಕಿಸಿದರು. ಹೆಂಡತಿಯನ್ನೂ ಪರೀಕ್ಷೆ ಮಾಡಿದರು, ಆಕೆಗೇನೂ ಇರಲಿಲ್ಲ. ಮತ್ತೆ ಕಫ ನೋಡಿ, "ಇನ್ನು ನಿಮ್ಮಿಂದ ಯಾರಿಗೂ ಹರಡುವುದಿಲ್ಲ, ಕೆಲಸಕ್ಕೆ ಹೋಗಿ" ಎಂದರು.

ಕೆಲಸಕ್ಕೆ ಹೋಗುವುದೇನೋ ಸರಿ, ಇಮಾಮಸಾಬನಿಗೆ ಏನು ಹೇಳುವುದು? ನಮ್ಮ ಕಡೆ ರೋಗಗಳಲ್ಲೂ ಮೇಲು ಕೀಳು ಉಂಟು. ಸಕ್ಕರೆ ಕಾಯಿಲೆ ಅಂದರೆ ಉಂಡು ಸುಖವಾಗಿದ್ದವರದು, ಹೇಳಿಕೊಳ್ಳಲಿಕ್ಕೆ ನಾಚಿಕೆ ಇಲ್ಲ. ಬಿಪಿ ಅಂದರೆ ದೊಡ್ಡ ಜವಾಬ್ದಾರಿ ಹೊತ್ತವರದು, ಸ್ವಲ್ಪ ಹೆಮ್ಮೆಯೇ. ಮೂತ್ರದ ಕಲ್ಲಾದರೆ ನೆಂಟರೆಲ್ಲ ಎಳನೀರು ಹಿಡಿದು ಬರುತ್ತಾರೆ. ಟಿಬಿ ಅಂದರೆ ಮಾತ್ರ ನಾವು ಕುಡಿದ ಲೋಟ ಬೇರೆ ಇಡುತ್ತಾರೆ. ಕಂಡಕ್ಟರನಿಗೆ ಟಿಬಿ ಅಂತ ಗೊತ್ತಾದರೆ ಅವನ ಬೆರಳಿನಿಂದ ಟಿಕೆಟ್ ಯಾರು ತೆಗೆದುಕೊಂಡಾರು? ಅದಕ್ಕಿಂತ ಹೆಚ್ಚಾಗಿ, ಇಮಾಮಸಾಬ ಚಹಾ ಹಂಚುವುದನ್ನು ಬಿಟ್ಟರೆ? ನನಗೆ ಸಾವಿನ ಹೆದರಿಕೆ ಅಷ್ಟಾಗಿ ಆಗಲಿಲ್ಲ. ಈ ಹೆದರಿಕೆ ನಿದ್ದೆ ಕೆಡಿಸಿತು.

"ಇಷ್ಟ ದಿನ ಏನಾಗಿತ್ತೋ ಈರಣ್ಣಾ?" ಎಂದು ಮೊದಲ ದಿನವೇ ಕೇಳಿದ.

"ಬೆನ್ನ ಬ್ಯಾನಿ" ಎಂದೆ.

ರೋಗ ಆರಿಸಿಕೊಳ್ಳುವಾಗ ಇನ್ನಷ್ಟು ಯೋಚಿಸಬೇಕಾಗಿತ್ತು. ಟಿಬಿಗೆ ಜಗತ್ತಿನಲ್ಲಿ ಒಂದೇ ಚಿಕಿತ್ಸೆ, ಬೆನ್ನು ನೋವಿಗೆ ಮನುಷ್ಯನಿಗೊಂದು. ಇಮಾಮಸಾಬನ ಅಕ್ಕ ಇರುವುದು ಮುಂಡಗೋಡದಲ್ಲಿ. ಅಲ್ಲಿನ ಟಿಬೆಟಿಯನ್ ಕಾಲನಿಯ ಔಷಧದ ಅಂಗಡಿಯಿಂದ ಆಕೆ ಒಂದು ಡಬ್ಬಿ ಮುಲಾಮು ಕಳಿಸಿದಳು. ಅದನ್ನು ಹಚ್ಚಿಕೊಂಡು ಬಸ್ ಹತ್ತಿದರೆ ಡಿಸೆಂಬರಿನ ಚಳಿಯಲ್ಲೂ ಜನ ಕಿಟಕಿ ತೆಗೆಯುತ್ತಿದ್ದರು. ಆಮೇಲೆ ಸೊಂಟಕ್ಕೆ ಕಟ್ಟುವ ಅಗಲವಾದ ಬೆಲ್ಟು ಬಂತು. ಇಮಾಮಸಾಬನೇ ಮಂಡಿಯೂರಿ ಕುಳಿತು ನನಗೆ ಬಿಗಿದ. ಉಸಿರಾಡುವುದೇ ಕಷ್ಟವಾಗಿದ್ದ ಮನುಷ್ಯನಿಗೆ ಮೇಲಿಂದ ಬೆಲ್ಟು! ತನ್ನ ಸೀಟಿನ ಮೆತ್ತೆ ತೆಗೆದು ನನಗೆ ಕೊಟ್ಟು ತಾನು ಬರಿ ರೆಕ್ಸಿನ್ ಮೇಲೆ ಕುಳಿತ. ರಸ್ತೆಯಲ್ಲಿ ಹೊಂಡ ಬಂದರೆ "ಬೆನ್ನ ಹಿಡ್ಕೋ ಈರಣ್ಣಾ!" ಎಂದು ಕೂಗುತ್ತಿದ್ದ. ಇಡೀ ಬಸ್ಸು ನನ್ನ ಬೆನ್ನಿನ ಕಡೆ ನೋಡುತ್ತಿತ್ತು. ನಾನು ಮರೆತು ಎದೆ ಹಿಡಿದುಕೊಳ್ಳುತ್ತಿದ್ದೆ.

ಇನ್ನು ನೀಲವ್ವ ಸಿಸ್ಟರ್ ವಿಷಯ. ದವಾಖಾನೆಯ ಔಷಧದ ಕಿಟಕಿ ಆಕೆಯದು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕಾಳಜಿಯ ಹೆಂಗಸು. ಮಾತ್ರೆ ತೆಗೆದುಕೊಳ್ಳುವ ಮೊದಲು "ಏನರ ತಿಂದಿ?" ಎಂದು ಕೇಳುವವಳು. ಇಲ್ಲ ಎಂದರೆ ಬೈದು, ತನ್ನ ಡಬ್ಬಿಯಿಂದ ಅವಲಕ್ಕಿ ಕೊಡುವವಳು. ಆಕೆಯ ಗಂಟಲು ಮಾತ್ರ ನನ್ನ ಗಂಟಲಿಗಿಂತ ದೊಡ್ಡದು. ಬೆಳಗ್ಗೆ ಕಿಟಕಿ ತೆರೆದರೆ ಅಂಗಳದಲ್ಲಿ ಕುಳಿತವರನ್ನೆಲ್ಲ ಒಂದೇ ಉಸಿರಿಗೆ ವಿಂಗಡಿಸುತ್ತಿದ್ದಳು.

"ಸಕ್ಕರಿ ಎಲ್ಲಾ ಈ ಕಡೆ! ಬಿಪಿ ಗ್ವಾಡಿ ಕಡೆ! ಫಿಟ್ಸ್, ನೆರಳಿಗೆ ಕುಂದ್ರು, ಮತ್ತ ಬಿದ್ದಗಿದ್ದಿ! ಹುಚ್ಚಿನ ಗುಳಗಿ ಯಾರದು? ಟಿಬಿ, ಒಳಗ ಬಾ!"

ಹುಚ್ಚಿನ ಗುಳಗಿ ಅನ್ನಿಸಿಕೊಂಡ ಹುಡುಗಿ ನಿದ್ದೆ ಬಾರದೆ ಬಂದವಳು. ಆಕೆ ತಲೆ ತಗ್ಗಿಸಿ ಕಿಟಕಿಗೆ ಹೋಗಿ ಬರುವಷ್ಟರಲ್ಲಿ ಜನ ಎರಡೂ ಕಡೆ ದಾರಿ ಬಿಡುತ್ತಿದ್ದರು. ನನ್ನದೂ ಅದೇ ಪಾಡು. ತಲೆಯಿಂದ ಗದ್ದದವರೆಗೆ ಟವೆಲು ಸುತ್ತಿಕೊಂಡು, ಸುಗ್ಗಿಗೆ ಬಂದ ಕೂಲಿಯ ವೇಷದಲ್ಲಿ ಹೋಗಿ ಬರುತ್ತಿದ್ದೆ. ಕೂಲಿಯವರು ಅಷ್ಟು ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು ಹಾಕುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹಾಗೆಯೇ ಟವೆಲು ಸುತ್ತಿಕೊಂಡು ನಿಂತಿದ್ದೆ. ಪಕ್ಕದ ಸಕ್ಕರೆ ಸಾಲಿನಿಂದ ಒಂದು ದನಿ: "ಅರೆ, ಈರಣ್ಣ ಭಾಯ್! ಬೆನ್ನಿನ ಸಲುವಾಗಿ ಬಂದೀರೇನ್ರಿ?"

ಜೈನಬಿ! ಇಮಾಮಸಾಬನ ಹೆಂಡತಿ. ಆಕೆಗೆ ಸಕ್ಕರೆ ಇರುವುದು ನನಗೆ ಗೊತ್ತು, ಅಣಶಿಯವರೆಗಿನ ಪ್ರಯಾಣಿಕರಿಗೂ ಗೊತ್ತು, ಇಮಾಮಸಾಬನೇ ಹೇಳಿದ್ದಾನೆ. ಇದೇ ದವಾಖಾನೆಗೆ ಬರುತ್ತಾಳೆಂದು ಗೊತ್ತಿರಲಿಲ್ಲ.

"ಹೂಂ ಅಕ್ಕಾ, ಬೆನ್ನಿಗೆ" ಎಂದೆ. ಮಾತು ಮುಗಿದಿರಲಿಲ್ಲ.

"ಟಿಬಿ, ಒಳಗ ಬಾ!"

ನಾನು ಕದಲಲಿಲ್ಲ.

"ಏ ಟಿಬಿ! ಕಿವಿ ಕೇಳಸೂದಿಲ್ಲೇನು? ಅಲ್ಲೇ ಖಾಕಿ ಹಾಕ್ಕೊಂಡು ನಿಂತೀಯಲ್ಲ!"

ಅಂಗಳದ ಜನವೆಲ್ಲ ತಿರುಗಿ ತಿರುಗಿ ಟಿಬಿಯನ್ನು ಹುಡುಕತೊಡಗಿದರು. ನಾನೂ ಹುಡುಕಿದೆ. ಹಿಂದೆ ನೋಡಿದೆ, ಗೋಡೆ ಕಡೆ ನೋಡಿದೆ. ಸಾಲದೆಂದು ಕಂಡಕ್ಟರನ ಜೋರಿನಲ್ಲಿ ನಾನೇ ಕೂಗಿಬಿಟ್ಟೆ: "ಯಾರ್ರಿ ಅದು ಟಿಬಿ? ಸಿಸ್ಟರ್ ಎಷ್ಟ ಸಲ ಕರೀಬೇಕು? ಹೋಗ್ರಿ ಲಗೂನ!" ಕೂಗಿದವನು ಹಾಗೆಯೇ ಗೇಟು ದಾಟಿ, ರಸ್ತೆ ದಾಟಿ, ಬಸ್ ಸ್ಟ್ಯಾಂಡಿಗೆ ಬಂದು ಉಸಿರು ಬಿಟ್ಟೆ. ಮಾತ್ರೆ ಕಿಟಕಿಯಲ್ಲೇ ಉಳಿಯಿತು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಜೈನಬಿ ಏನು ತಿಳಿದುಕೊಂಡಳೋ ಗೊತ್ತಿಲ್ಲ, ಇಮಾಮಸಾಬ ಮಾತ್ರ ಇನ್ನೂ ಬೆನ್ನಿನ ಮಾತೇ ಆಡುತ್ತಿದ್ದ. ಹೇಗೂ ಕೆಮ್ಮು ನಿಂತಿದೆ, ರೊಟ್ಟಿ ಸೇರುತ್ತಿದೆ, 'ದಾಂಡೇಲಿ' ಪೂರ್ತಿ ಬರುತ್ತಿದೆ, ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿ ಕೇಳಿದರೆ, ಬರುವ ದಾರಿಯಲ್ಲೇ ನುಂಗಿ ಬಂದೆ ಎನ್ನುತ್ತಿದ್ದೆ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯುತ್ತ ಬಂತು. ಒಂದು ಸಂಜೆ ಜಗಲಬೇಟ ಕಡೆಯ ಮುದುಕನೊಬ್ಬನ ಅಕ್ಕಿ ಚೀಲ ಎತ್ತಿ ಕೊಡುವಾಗ ಮೈ ಬೆವರಿ ಉಸಿರು ಕಟ್ಟಿತು. ಇಮಾಮಸಾಬ ಓಡಿ ಬಂದು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡಿದ.

ಅದೇ ವಾರ ದಾಂಡೇಲಿಯಲ್ಲಿ ನಮ್ಮ ಬಸ್ಸಿಗೆ ಡಾಕ್ಟರ್ ಶೈಲಜಾ ಹತ್ತಿದರು. ಜೋಯಿಡಾದಲ್ಲಿ ವಾರಕ್ಕೊಮ್ಮೆ ರೋಗಿಗಳನ್ನು ನೋಡಲು ಹೋಗುತ್ತಿದ್ದರಂತೆ, ಅವತ್ತು ಅವರ ಜೀಪು ಕೆಟ್ಟಿತ್ತು. ಇದ್ದ ಒಂದೇ ಖಾಲಿ ಸೀಟು ಡ್ರೈವರನ ಹಿಂದೆ. ನಾನು ಟಿಕೆಟ್ ಯಂತ್ರವನ್ನು ಮುಖಕ್ಕೆ ಅಡ್ಡ ಹಿಡಿದು ಬಸ್ಸಿನ ಹಿಂದಕ್ಕೆ ಸರಿದೆ. ಎಲ್ಲರದೂ ಟಿಕೆಟ್ ಆಯಿತು, ಅವರದೊಂದು ಉಳಿಯಿತು.

"ಎಲ್ಲಿಗ್ರಿ?" ಎಂದೆ, ಕಿಟಕಿಯಾಚೆಯ ತೇಗದ ಮರಗಳನ್ನು ನೋಡುತ್ತ.

"ಜೋಯಿಡಾ" ಎಂದರು. ಒಂದು ಗಳಿಗೆ ನನ್ನ ಮುಖ ನೋಡಿದರು. ಚಿಲ್ಲರೆ ಎಣಿಸಿ ಕೊಟ್ಟರು. ಬಾಯಿ ಬಿಟ್ಟದ್ದು ಇಮಾಮಸಾಬ. ಕನ್ನಡಿಯಲ್ಲಿ ಅವರ ಕೊರಳಿನ ಸ್ಟೆತೋಸ್ಕೋಪ್ ಕಂಡಿದ್ದೇ ತಡ, "ಡಾಕ್ಟ್ರ ಏನ್ರಿ? ಛಲೋ ಆತು! ನಮ್ಮ ಕಂಡಕ್ಟರ್ ಸಾಹೇಬರ ಬೆನ್ನ ಒಂದೀಟ ನೋಡ್ರಿ. ಎಷ್ಟ ಮಾಡಿದ್ರೂ ಆರಾಮ ಆಗವಲ್ದು!" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ.

ಡಾಕ್ಟರು ನನ್ನ ಮುಖ ನೋಡಿದರು, ಬೆಲ್ಟು ನೋಡಿದರು, ಮುಲಾಮಿನ ವಾಸನೆಗೆ ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ಬೆನ್ನಿಗೆ ಮಾತ್ರೆ ಕೊಟ್ಟಿದ್ದಾರಾ ಇವರಿಗೆ?" ಎಂದು ಇಮಾಮಸಾಬನನ್ನೇ ಕೇಳಿದರು.

"ಕೊಟ್ಟಾರಂತ್ರಿ."

"ಹಾಗಾದರೆ ನಡುವೆ ಬಿಟ್ಟಿರಬೇಕು. ಕೆಲವು ಬೆನ್ನು ನೋವು ಹಾಗೆಯೇ. ಎರಡು ದಿನ ಹಾಯೆನಿಸಿತು ಅಂತ ಮಾತ್ರೆ ಬಿಟ್ಟರೆ ಆಮೇಲೆ ಯಾವ ಮಾತ್ರೆಗೂ ಬಗ್ಗುವುದಿಲ್ಲ. ಮನುಷ್ಯ ಉಳಿಯುವುದಿಲ್ಲ."

"ಯಾ ಅಲ್ಲಾ! ಬೆನ್ನಿಗೆ ಮನಶ್ಯಾ ಸಾಯ್ತಾನೇನ್ರಿ?"

"ಇವರ ನಮೂನೆಯ ಬೆನ್ನಿಗೆ ಸಾಯುತ್ತಾರೆ" ಎಂದರು ಡಾಕ್ಟರು ಶಾಂತವಾಗಿ. ಹಾಗೆಯೇ, "ನೀವೂ ಒಮ್ಮೆ ಬನ್ನಿ ಡ್ರೈವರೇ, ಎದೆ, ಕಫ ಎಲ್ಲ ನೋಡುತ್ತೇನೆ. ರಸ್ತೆಯ ಧೂಳಿನಲ್ಲಿ ಇರುವವರು ನೋಡಿಸಿಕೊಳ್ಳಬೇಕು" ಎಂದು ಅವನನ್ನೂ ಒಪ್ಪಿಸಿದರು. ಮುಂದೆ ಆತ ಹೋಗಿ ನೋಡಿಸಿಕೊಂಡೂ ಬಂದ, ಏನೂ ಇರಲಿಲ್ಲ. ಅದಕ್ಕೆ ನಾನು ಆ ತಾಯಿಗೆ ಇವತ್ತಿಗೂ ಋಣಿ.

ಜೋಯಿಡಾದಲ್ಲಿ ಜನ ಚಹಾಕ್ಕೆಂದು ಇಳಿದರು, ಇಮಾಮಸಾಬ ಟೈರಿಗೆ ಗಾಳಿ ನೋಡಲು ಇಳಿದ. ಡಾಕ್ಟರು ಇಳಿಯದೆ ಕುಳಿತರು. "ಯಾಕೆ ಬಿಟ್ಟಿರಿ?" ಎಂದರು. ಬೈದಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ. ಮೆತ್ತಗೆ ಕೇಳಿದ್ದರಿಂದ ಎಲ್ಲವನ್ನೂ ಹೇಳಿಬಿಟ್ಟೆ. ನನ್ನನ್ನು ನಾನೇ ಕೂಗಿ ಕರೆದ ಭಾಗ ಬಂದಾಗ ಅವರು ಸೀರೆಯ ಸೆರಗು ಬಾಯಿಗೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು: "ತಪ್ಪು ನಮ್ಮ ಕಿಟಕಿಯದು. ಅದನ್ನು ನಾನು ಸರಿ ಮಾಡುತ್ತೇನೆ. ನಾಳೆಯಿಂದ ಮಾತ್ರೆ ನೀವು ತೆಗೆದುಕೊಳ್ಳಿ. ಸಾಯಬೇಡಿ ಮಾರಾಯ್ರೇ, ಇಷ್ಟು ಸಣ್ಣ ವಿಷಯಕ್ಕೆ."

ಮರುದಿನ ಬೆಳಗ್ಗೆ ಅಣಶಿಯಿಂದ ಬಂದಿಳಿದವನೇ ನಾನು ಕಿಟಕಿ ತೆರೆಯುವ ಮೊದಲೇ ಹೋದೆ. ಒಳಗಿನ ಕೋಣೆಯಲ್ಲಿ ಡಾಕ್ಟರು ನೀಲವ್ವ ಸಿಸ್ಟರನ್ನು ಕೂಡಿಸಿಕೊಂಡು ಮಾತಾಡುತ್ತಿದ್ದರು. ನನ್ನನ್ನು ಕಂಡಿದ್ದೇ ಆಕೆ ಎದ್ದು ನಿಂತಳು.

"ನನ್ನ ಬಾಯಿಂದ ನೀವು ಗುಳಗಿ ಬಿಟ್ರಂತ, ಹೌದೇನ್ರಿ?"

ಅಷ್ಟೆತ್ತರದ ಹೆಂಗಸು ಗಳಗಳ ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ವಾದಕ್ಕೆ ನಿಂತಳು.

"ಡಾಕ್ಟ್ರ, ನಾ ಯಾರ ಮರ್ಯಾದಿನೂ ತಗದಿಲ್ರಿ. ಮರ್ಯಾದಿ ಉಳೀಲಿ ಅಂತನ ಜಡ್ಡಿನ ಹೆಸರ ಹಿಡದು ಕರದೇನಿ. ಹಿರಿ ಮನಶ್ಯಾರನ್ನ ಹೆಸರ ಹಿಡದು ಈರಣ್ಣ, ಬಸಪ್ಪ ಅಂತ ಹೆಣ್ಮಗಳು ಒದರಬೇಕೇನ್ರಿ? ನಮ್ಮ ಅತ್ತಿ ಕೇಳಿದ್ರ ನಾಲಗಿ ಸುಡ್ತಾಳ."

ನನಗೆ ಒಮ್ಮೆಲೇ ನಗು ಬಂತು, ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಇಳಿಯಿತು. ಇಷ್ಟು ದಿನ ಈಕೆ ನನ್ನನ್ನು ಹೀನಾಯ ಮಾಡುತ್ತಿದ್ದಾಳೆ ಎಂದು ನಾನು ಕುದಿಯುತ್ತಿದ್ದರೆ, ಆಕೆಯ ಪ್ರಕಾರ ಅದು ನನಗೆ ಸಲ್ಲಿಸುತ್ತಿದ್ದ ಗೌರವ.

ಆದರೂ ಡಾಕ್ಟರು ಬಿಡಲಿಲ್ಲ. ಕರೆಯುವ ಮಾತು ಸಭ್ಯವಾಗಿರಬೇಕು, ಹುಚ್ಚು ಗಿಚ್ಚು ಎನ್ನಬಾರದು, ರೋಗವೇ ಮನುಷ್ಯ ಎನ್ನುವ ಹಾಗೆ ಕೂಗಬಾರದು ಎಂದು ತಿಳಿಸಿ ಹೇಳಿದರು. ನೀಲವ್ವ ಸಿಸ್ಟರ್ ಗಮನವಿಟ್ಟು ಕೇಳಿದಳು. ಮರುದಿನ ಕಿಟಕಿ ತೆರೆಯಿತು. ಆಕೆಯ ಗಂಟಲು ಮೊದಲಿನಷ್ಟೇ.

"ಕ್ಷಯಕ್ಕ ಚಿಕಿತ್ಸೆ ಪಡಿಯುತ್ತಿರುವಂಥಾ ಮಾನ್ಯರು, ದಯಮಾಡಿ ಒಳಗ ಬರ್ರಿ! ಮನಸ್ಸಿನ ತೊಂದರಿ ಇರುವಂಥಾ ಸಹೋದರಿ, ನಿಮ್ಮ ಗುಳಗಿ ತಯಾರ ಐತ್ರಿ!"

ಮೊದಲು ಅರ್ಧ ಅಂಗಳಕ್ಕೆ ಕೇಳುತ್ತಿದ್ದದ್ದು ಈಗ ಭಾಷಣದ ಹಾಗೆ ಇಡೀ ಓಣಿಗೆ ಕೇಳಿಸಿತು. ಆಚೆ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದವನೊಬ್ಬ ಯಾರೋ ದೊಡ್ಡವರು ಬಂದಿದ್ದಾರೆಂದು ಇಳಿದು ನೋಡಿದ. ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡು ಹೊರಗೆ ಬಂದರು. "ರೋಗದ ಹೆಸರೇ ಬೇಡ ಸಿಸ್ಟರ್. ಎಷ್ಟು ಚಂದದ ಮಾತಾದರೂ ಬೇಡ. ಅದು ಅವರ ಗುಟ್ಟು. ಹೆಸರು ಹಿಡಿದು, 'ಅವರೇ' ಎಂದು ಸೇರಿಸಿ ಕರೆಯಿರಿ. ನಾನು ಹೇಳಿದ್ದೇನೆ ಎಂದು ನಿಮ್ಮ ಅತ್ತೆಗೆ ಹೇಳಿ."

ಆಗ ಬಂತು ನಿಜವಾದ ಸಂಕಟ. ನೀಲವ್ವ ಸಿಸ್ಟರ್ ಗಂಡ ಬಸವರಾಜ. ಮಾವ ಶಿವಪ್ಪ. ಭಾವ ಮಲ್ಲಪ್ಪ. ಮನೆಯ ಗಂಡಸರ ಹೆಸರು ಬಾಯಲ್ಲಿ ತರುವ ಹಾಗಿಲ್ಲ, ಅದೇ ಹೆಸರಿನ ಬೇರೆಯವರದ್ದೂ ತರುವ ಹಾಗಿಲ್ಲ. ದೇವರಿಗೆ ಈ ನಿಯಮದಿಂದ ವಿನಾಯಿತಿ ಇತ್ತೋ ಏನೋ, ದಿನಾ ಪೂಜೆ ಹೇಗೆ ಮಾಡುತ್ತಿದ್ದಳೋ ನಾನು ಕೇಳಲಿಲ್ಲ. ಹಳಿಯಾಳದ ಸುತ್ತಿನ ಲಿಂಗಾಯತರ ಮನೆಗಳಲ್ಲಿ ಬಸವರಾಜ, ಶಿವಪ್ಪ, ಮಲ್ಲಪ್ಪ ಬಿಟ್ಟರೆ ಉಳಿಯುವ ಗಂಡಸರು ಬಹಳ ಕಡಿಮೆ.

ಮೊದಲ ಇಬ್ಬರು ಹೆಂಗಸರನ್ನು ಚೆನ್ನಾಗಿ ಕರೆದಳು. ಮೂರನೆಯದಕ್ಕೆ ನಿಂತಳು. ಚೀಟಿ ನೋಡಿದಳು, ನಾಚಿ ಕೆಂಪಾದಳು, ಸೆರಗು ಸರಿ ಮಾಡಿಕೊಂಡಳು.

"ನಮ್ಮ ಮನೀಯವರ ಹೆಸರಿನವರು ಬರ್ರಿ!"

ಯಾರೂ ಏಳಲಿಲ್ಲ. ಆಕೆಯ ಮನೆಯವರ ಹೆಸರು ಗೊತ್ತಿದ್ದ ಒಬ್ಬ ಮುದುಕಿ ಸುತ್ತಲಿನವರಿಗೆ ಬಿಡಿಸಿ ಹೇಳಿದಳು. ಆಗ ಐದಾರು ಬಸವರಾಜರು ಒಟ್ಟಿಗೆ ಎದ್ದು ಕಿಟಕಿಗೆ ನುಗ್ಗಿದರು. "ಎಲ್ಲಾರೂ ಅಲ್ರಿ, ದಪ್ಪ ಮೀಸಿಯವರು!" ಎಂದಳು. ಇಬ್ಬರಿಗೆ ದಪ್ಪ ಮೀಸೆ ಇತ್ತು. ಅವರನ್ನು ಬಗೆಹರಿಸುವಷ್ಟರಲ್ಲಿ "ನಮ್ಮ ಮಾವನವರ ಹೆಸರಿನವರು" ಬಂದರು, ಅವರ ಹಿಂದೆ "ನಮ್ಮ ಭಾವನವರು". ಬಿಪಿ ಮಾತ್ರೆ ಸಕ್ಕರೆಯವರ ಕೈಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಗದ್ದಲಕ್ಕೆ ಡಾಕ್ಟರು ಹೊರಬಂದರು, ಅವರ ದನಿ ಯಾರಿಗೂ ಕೇಳಿಸಲಿಲ್ಲ. ಆ ನಿದ್ದೆ ಬಾರದ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಇಂಥ ನೂಕುನುಗ್ಗಲು ಕಂಡರೆ ನನ್ನ ಗಂಟಲು ನನ್ನ ಅಪ್ಪಣೆಗೆ ಕಾಯುವುದಿಲ್ಲ. ಟವೆಲು ಕಿತ್ತು ಹೆಗಲಿಗೆ ಹಾಕಿಕೊಂಡು ಕೂಗಿದೆ: "ತೇರಗಾಂವ ಯಾರ್ರಿ? ತೇರಗಾಂವದವರು ಮುಂದ ಬರ್ರಿ! ಸಾಂಬ್ರಾಣಿಯವರು ಅವರ ಹಿಂದ ನಿಂದರ್ರಿ! ಮುರ್ಕವಾಡ, ಅವಸರ ಮಾಡಬ್ಯಾಡ್ರಿ, ಎಲ್ಲಾರಿಗೂ ಜಾಗಾ ಐತಿ!" ಜನ ಹುಟ್ಟಿದಾಗಿನಿಂದ ಬಸ್ಸಿಗೆ ಹತ್ತಿದವರು. ಕೂಗು ಕಿವಿಗೆ ಬಿದ್ದದ್ದೇ ಕಾಲು ತಾನಾಗಿ ಸಾಲಿಗೆ ಬಂತು. ಒಬ್ಬ ಮುದುಕ ಟಿಕೆಟಿಗೆಂದು ಚಿಲ್ಲರೆಯನ್ನೂ ತೆಗೆದ.

ನೀಲವ್ವ ಸಿಸ್ಟರ್ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ನೋಡುತ್ತಿದ್ದಳು. ಊರಿನ ಹೆಸರು ಯಾರ ಅತ್ತೆಯ ಮನೆಯಲ್ಲೂ ನಿಷೇಧವಿಲ್ಲ. ಊರಿಗೆ ರೋಗವಿಲ್ಲ. ಆಕೆಯ ಮುಖ ಅರಳಿತು. "ತೇರಗಾಂವದವರ, ಬರ್ರಿ" ಎಂದಳು. ದನಿ ಅಷ್ಟು ಮೆತ್ತಗೆ ಆಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ಯಡೋಗಾದವರ, ನೀವೂ ಬರ್ರಿ, ಬಸ್ಸಿಗೆ ಹೊತ್ತಾತು." ಯಡೋಗಾ ನನ್ನ ಹುಟ್ಟೂರು. ಯಾರೂ ತಿರುಗಿ ನೋಡಲಿಲ್ಲ. ಯಡೋಗಾದವನೊಬ್ಬ ಯಾವುದೋ ಮಾತ್ರೆಗೆ ಹೋದ, ಅಷ್ಟೇ. ಆ ಕ್ಷಣ ನನಗೆ ಆದ ಹಗುರ ಹೇಗೆ ಹೇಳಲಿ. ಮೈಮೇಲಿನ ಒದ್ದೆ ಕಂಬಳಿ ತೆಗೆದ ಹಾಗಾಯಿತು.

ಸಣ್ಣಪುಟ್ಟ ತಕರಾರು ಇದ್ದೇ ಇದ್ದವು. ಒಂದೇ ಊರಿನ ಇಬ್ಬರು ಹೆಂಗಸರಿದ್ದರೆ "ಹಿರೇರು ಬರ್ರಿ" ಎಂದಾಗ ಇಬ್ಬರೂ ಏಳುತ್ತಿರಲಿಲ್ಲ. ಆಗ ಡಾಕ್ಟರು ಇನ್ನೊಂದು ಕಲಿಸಿದರು: ನಿಮ್ಮನ್ನು ಏನೆಂದು ಕರೆಯಲಿ ಎಂದು ಅವರನ್ನೇ ಕೇಳುವುದು. ಕೇಳಿದ್ದೇ ತಡ, ಒಬ್ಬ ಪಂಚಾಯತಿ ಚುನಾವಣೆಯಲ್ಲಿ ಸೋತವನು 'ಅಧ್ಯಕ್ಷರು' ಎಂದು ಬರೆಸಿದ. ಗೌಳಿ ಓಣಿಯ ಮುದುಕಿಯೊಬ್ಬಳು ತನ್ನನ್ನು ಬಾಯಿಸಾಹೇಬ ಎನ್ನಬೇಕೆಂದಳು. ನೀಲವ್ವ ಸಿಸ್ಟರ್ ಎಲ್ಲರನ್ನೂ ಹಾಗೆಯೇ ಕರೆದಳು. ನಿದ್ದೆ ಬಾರದ ಹುಡುಗಿ ಬಹಳ ಹೊತ್ತು ಯೋಚಿಸಿ, "ಟೀಚರ್ ಅನ್ರಿ" ಎಂದಳು. ಓದು ಅರ್ಧಕ್ಕೆ ನಿಂತ ಹುಡುಗಿ. ಆಮೇಲೆ ಆಕೆ ತಲೆ ಎತ್ತಿಕೊಂಡು ಕಿಟಕಿಗೆ ಹೋಗುತ್ತಿದ್ದಳು.

ಕಾರ್ಖಾನೆಯ ಹೊಗೆ ನಿಂತಿತು, ಬಿಸಿಲು ಬಂತು, ಕಾಡಿನಲ್ಲಿ ಕವಳಿ ಹಣ್ಣು ಕಪ್ಪಾದವು. ಬಿಟ್ಟ ದಿನಗಳಿಗೂ ಲೆಕ್ಕ ಸೇರಿಸಿ ಡಾಕ್ಟರು ನನ್ನ ಮಾತ್ರೆ ಮುಂದುವರಿಸಿದ್ದರು. ಮೊದಲ ಮಳೆ ಹನಿಯುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿ, "ಮುಗಿಯಿತು ಈರಣ್ಣ. ನೀವು ಗೆದ್ದಿರಿ" ಎಂದರು. ನೀಲವ್ವ ಸಿಸ್ಟರ್ ಪೇಡೆ ತಿನ್ನಿಸಿದಳು.

ಅವತ್ತು ಮಧ್ಯಾಹ್ನ ಅಣಶಿಗೆ ಹೊರಟಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಸಂತೆ ಮುಗಿಸಿ ಕುಂಬಾರವಾಡಕ್ಕೆ ಮರಳುವವರು ಕೆಲವರು, ಅಷ್ಟೇ. ಇಮಾಮಸಾಬನಿಗೆ ಇನ್ನು ಹೇಳದೆ ಇರಲು ನನ್ನಿಂದ ಆಗಲಿಲ್ಲ. ಜೋಯಿಡಾ ದಾಟಿದ ಮೇಲೆ ಅವನ ಪಕ್ಕದ ಬಾನೆಟ್ಟಿನ ಹತ್ತಿರ ಹೋಗಿ ಬಗ್ಗಿದೆ.

"ಇಮಾಮಸಾಬ, ನನಗ ಬೆನ್ನ ಬ್ಯಾನಿ ಇರಲಿಲ್ಲೋ. ಟಿಬಿ ಆಗಿತ್ತು. ಈಗ ಪೂರಾ ಆರಾಮ ಆಗೇತಿ."

ಬಸ್ಸು ರಸ್ತೆ ಬದಿಗೆ ನಿಂತಿತು. ಆತ ಇಂಜಿನ್ ಆರಿಸಿದ. ಹಿಂದೆ ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ನನ್ನ ಹೆಂಡತಿಗೆ ಸಕ್ಕರಿ ಐತಂತ ನಾ ನಿನಗ ಹೇಳೇನಿಲ್ಲೋ?"

"ಹೇಳೀದಿ."

"ನನಗ ಮೂಲವ್ಯಾಧಿ ಐತಂತ ಹೇಳೇನಿಲ್ಲೋ?"

"ಅದನ್ನ ನೀ ಬಸ್ಸಿಗೆಲ್ಲಾ ಹೇಳೀದಿ."

"ಮತ್ತ ನೀ ಯಾಕ ಹೇಳಲಿಲ್ಲ? ನಾ ಏನ ನಿನ್ನ ಬಿಟ್ಟ ಹೋಗ್ತಿದ್ನೇನೋ? ಆ ಮುಲಾಮದ ವಾಸನಿ ತಡಕೊಂಡ ಬಸ್ಸ ಹೊಡದೇನಿ, ನಿನ್ನ ಟಿಬಿ ತಡಕೊಳ್ತಿದ್ದಿಲ್ಲೇನು?" ಅವನ ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟೂ ಇತ್ತು. ಸಿಟ್ಟು ಬಂದರೆ ಅವನ ದನಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸೀಟಿನಿಂದ ಎದ್ದು ಪ್ರಯಾಣಿಕರ ಕಡೆ ತಿರುಗಿದ. "ಕೇಳ್ರಿ ಎಲ್ಲಾರೂ! ನಮ್ಮ ಕಂಡಕ್ಟರ್ ಸಾಹೇಬರಿಗೆ ಟಿಬಿ ಆಗಿತ್ತಂತ! ಹಳಿಯಾಳದಾಗ ಗುಳಗಿ ತಗೊಂಡು ಪೂರಾ ಆರಾಮ ಆಗ್ಯಾರ! ಏನ ತಿಳದೀರಿ ಅವರನ್ನ!"

ಇಡೀ ಹಂಗಾಮು ಯಾವ ಕೂಗಿಗೆ ಹೆದರಿ ಟವೆಲು ಸುತ್ತಿಕೊಂಡು ಓಡಾಡಿದ್ದೆನೋ ಆ ಕೂಗು ಬಂದೇ ಬಂತು. ಮುಂದಿನ ಸೀಟಿನವನೊಬ್ಬ ನನ್ನ ಹತ್ತಿರವಿದ್ದ ತನ್ನ ಚೀಲವನ್ನು ಕಾಲಿನಿಂದ ಮೆಲ್ಲಗೆ ಎಳೆದುಕೊಂಡ. ನಾನು ನೋಡಿಯೂ ನೋಡದ ಹಾಗೆ ಕಂಬಿ ಹಿಡಿದು ನಿಂತೆ. ಇಮಾಮಸಾಬ ಮೂಗು ಒರೆಸಿಕೊಂಡು ಬಸ್ಸು ಬಿಟ್ಟ.

ಕುಂಬಾರವಾಡ ಬಂತು. ಇಳಿಯುವವರೆಲ್ಲ ಇಳಿದರು, ಒಬ್ಬ ಹೆಂಗಸು ಮಾತ್ರ ಬಾಗಿಲ ಹತ್ತಿರ ತಡೆದಳು. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಿದ್ದಳು. ಕೊಂಕಣಿಯವಳು, ಕನ್ನಡ ತಡವರಿಸುತ್ತಿತ್ತು. ಹೊರಗೆ ಗಂಡನೋ ಮೈದುನನೋ ಮುಂದೆ ಹೋಗಲಿ ಎಂದು ಕಾದು, ಬಹಳ ಮೆತ್ತಗೆ ಕೇಳಿದಳು. ಗುಣವಾಗುತ್ತದೆಯೇ ಎಂದು ಕೇಳಲಿಲ್ಲ, ಎಷ್ಟು ದಿನ ಎಂದೂ ಕೇಳಲಿಲ್ಲ.

"ಅಲ್ಲಿ... ಹ್ಯಾಂಗ ಕರೀತಾರ?"

"ಊರಿನ ಹೆಸರ ಹಿಡದು ಕರೀತಾರ್ರಿ" ಎಂದೆ. "ಕುಂಬಾರವಾಡದವರ, ಬರ್ರಿ, ಅಂತಾರ. ಮತ್ತೇನೂ ಅನ್ನೂದಿಲ್ಲ."

"ಖರೇ?"

"ಖರೇ ಅಕ್ಕಾ."

ಆಕೆ ಮೆಟ್ಟಿಲಿಳಿದು ಮತ್ತೆ ತಿರುಗಿದಳು. ಹಳಿಯಾಳಕ್ಕೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದಳು. ಆ ಹೊತ್ತನ್ನು ನಾನು ದಿನಾ ಹೇಳುತ್ತಿದ್ದವನು, ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವನು. ಅವತ್ತು ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು. ಇಮಾಮಸಾಬ ಸ್ಟೇರಿಂಗ್ ಮೇಲೆ ಬಗ್ಗಿ, ತನ್ನ ಜನ್ಮದಲ್ಲಿ ಮೊದಲ ಸಲ ದನಿ ತಗ್ಗಿಸಿ ಹೇಳಿದ:

"ನಾವ ಬರ್ತೇವ್ರಿ ಅಕ್ಕಾರ. ನೀವು ಹತ್ತೂತನಕ ಬಸ್ಸ ಬಿಡೂದಿಲ್ಲ."